ತೀರ್ಪು ಮೊದಲು, ವಾದ ಆಮೇಲೆ

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಆರು ಜನ ಆರಾಮವಾಗಿ ನಿಲ್ಲಬಹುದು. ಆದರೆ 2024ರ ಜೂನ್‌ನಿಂದ ನವೆಂಬರ್‌ವರೆಗೆ ಅದರೊಳಗೆ ನಾನು ಮತ್ತು ಐದನೇ ಮಹಡಿಯ ಕಾಕಾ ಇಬ್ಬರೇ ಇದ್ದರೂ ಜಾಗ ಸಾಲುತ್ತಿರಲಿಲ್ಲ. ಅವರು ಮಹಡಿಯ ಸಂಖ್ಯೆ ನೋಡುತ್ತಿದ್ದರು, ನಾನು ಮೊಬೈಲ್ ನೋಡುತ್ತಿದ್ದೆ. ಅದಕ್ಕೆ ಮೊದಲಿನ ಏಳು ವರ್ಷ ಹೀಗಿರಲಿಲ್ಲ. ನನ್ನ ಮಗಳು ಶಾಲೆ ಬಿಟ್ಟರೆ ನೇರ ಅವರ ಮನೆಗೆ ಹೋಗುತ್ತಿದ್ದಳು. ಅವರನ್ನು ಆಜೋಬಾ, ಅವರ ಹೆಂಡತಿಯನ್ನು ಆಜಿ ಎಂದೇ ಕರೆಯುವುದು. ಹೋಳಿ ಹಬ್ಬಕ್ಕೆ ಅವರ ಮನೆಯ ಪುರಣಪೋಳಿ ನಮಗೆ, ಚೌತಿಗೆ ನಮ್ಮ ಮನೆಯ ಅರಿಶಿನ ಎಲೆ ಕಡುಬು ಅವರಿಗೆ.

ಮಾತು ನಿಂತದ್ದು ಪಾರ್ಕಿಂಗ್ ಜಾಗಕ್ಕಲ್ಲ, ನೀರಿನ ಬಿಲ್ಲಿಗೂ ಅಲ್ಲ. ನಲವತ್ತೆಂಟು ಮತಕ್ಕೆ.

ನಾವಿರುವುದು ಜೋಗೇಶ್ವರಿ ಪೂರ್ವದಲ್ಲಿ. ಇದು ಮುಂಬೈ ವಾಯವ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಪ್ರದೇಶ. 2024ರ ಜೂನ್ 4ರಂದು ಗೋರೆಗಾಂವಿನ ನೆಸ್ಕೋ ಕೇಂದ್ರದಲ್ಲಿ ಮತ ಎಣಿಕೆ ನಡೆಯಿತು. ಶಿಂದೆ ಬಣದ ಶಿವಸೇನೆಯ ರವೀಂದ್ರ ವಾಯ್ಕರ್ ಅವರಿಗೆ 4,52,644 ಮತ, ಉದ್ಧವ್ ಠಾಕ್ರೆ ಬಣದ ಅಮೋಲ್ ಕೀರ್ತಿಕರ್ ಅವರಿಗೆ 4,52,596 ಮತ. ಇಬ್ಬರಿಗೂ ಸೇರಿ ಬಿದ್ದದ್ದು ಒಂಬತ್ತು ಲಕ್ಷಕ್ಕೂ ಹೆಚ್ಚು. ನಡುವಿನ ಅಂತರ 48. ಅಂದರೆ ಸುಮಾರು ಹತ್ತೊಂಬತ್ತು ಸಾವಿರ ಮತಕ್ಕೆ ಒಂದು. ಬೆಳಗಿನ ಚರ್ಚ್‌ಗೇಟ್ ಲೋಕಲ್‌ನ ಒಂದು ಬಾಗಿಲ ಬಳಿ ಅದಕ್ಕಿಂತ ಹೆಚ್ಚು ಜನ ಒತ್ತಿಕೊಂಡು ನಿಂತಿರುತ್ತಾರೆ. ಯಾರೂ ಬೇಡ ಎಂದು ನೋಟಾ ಒತ್ತಿದವರೇ ಸಾವಿರಗಟ್ಟಲೆ ಇದ್ದರು.

ಇಷ್ಟು ಸಣ್ಣ ಅಂತರದ ಬಗ್ಗೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಒಂದೇ ಮಾತು: ಕ್ಷೇತ್ರ ಸರಿಯಾಗಿ ಎರಡು ಪಾಲಾಗಿದೆ. ಆದರೆ ಟಿವಿಯ ಪಂಡಿತರಿಗೆ ಅಷ್ಟು ಸಾಲುತ್ತದೆಯೇ? ಒಬ್ಬರು, ಮತದಾರ ನಿಜವಾದ ಶಿವಸೇನೆ ಯಾವುದೆಂದು ತೀರ್ಪು ಕೊಟ್ಟುಬಿಟ್ಟಿದ್ದಾನೆ ಎಂದರು. ಇನ್ನೊಬ್ಬರು ಅಭಿವೃದ್ಧಿಗೆ ಮತ ಎಂದರು. ಸ್ವಲ್ಪ ಯೋಚಿಸಿ. ಇಪ್ಪತ್ತೈದು ಜನ ಪಕ್ಕದ ಗುಂಡಿ ಒತ್ತಿದ್ದರೆ ಅದೇ ಸಂಜೆ ಅದೇ ಸ್ಟುಡಿಯೋದಲ್ಲಿ 'ದ್ರೋಹಿಗಳಿಗೆ ಜನರ ಪಾಠ' ಎಂಬ ಶೀರ್ಷಿಕೆ ಓಡುತ್ತಿತ್ತು. ಉಳಿದ ಒಂಬತ್ತು ಲಕ್ಷ ಜನರ ಮನಸ್ಸಿನಲ್ಲಿ ಒಂದು ಎಳೆಯೂ ಬದಲಾಗದೆ, ಅವರೆಲ್ಲರ ಮನಸ್ಸಿನ ವ್ಯಾಖ್ಯಾನ ಮಾತ್ರ ತಲೆಕೆಳಗಾಗುತ್ತಿತ್ತು. ನಿಷ್ಠೆ, ದ್ರೋಹ ಎಂಬ ಮಾತಾದರೂ ಇಲ್ಲಿ ಎಷ್ಟು ಹೊಂದುತ್ತದೆ? ಗೆದ್ದವರು ಬಣ ಬದಲಿಸಿದ್ದು ಚುನಾವಣೆಗೆ ಕೆಲವೇ ವಾರ ಮೊದಲು. ಸೋತವರ ತಂದೆ ಗಜಾನನ ಕೀರ್ತಿಕರ್ ಆ ಹೊತ್ತಿಗೆ ಇದೇ ಕ್ಷೇತ್ರದ ಸಂಸದರು, ಅದೂ ಶಿಂದೆ ಬಣದಲ್ಲಿ. ಒಂದೇ ಮನೆಯ ಊಟದ ಮೇಜೇ ಎರಡು ಬಣವಾಗಿದ್ದ ಕ್ಷೇತ್ರವಿದು.

ಇದನ್ನೆಲ್ಲ ಈಗ ತಣ್ಣಗೆ ಬರೆಯುತ್ತಿದ್ದೇನೆ. ಆಗ ನಾನು ತಣ್ಣಗಿರಲಿಲ್ಲ. ನನ್ನ ಮನಸ್ಸು ಸೋತವರ ಕಡೆಗಿತ್ತು, ಕಾಕಾ ಗೆದ್ದವರ ಕಡೆ.

ಜೂನ್ ಮಧ್ಯದಲ್ಲಿ ಮುಂಬೈಯ ಪತ್ರಿಕೆಯೊಂದರಲ್ಲಿ ಒಂದು ಸುದ್ದಿ ಬಂತು. ಗೆದ್ದ ಅಭ್ಯರ್ಥಿಯ ಸಂಬಂಧಿಕರೊಬ್ಬರು ಎಣಿಕೆ ಕೇಂದ್ರದೊಳಗೆ ಬಳಸಿದ ಮೊಬೈಲಿಗೆ ಬಂದ ಒಟಿಪಿಯಿಂದ ಮತಯಂತ್ರ ತೆರೆಯಬಹುದಿತ್ತು ಎಂಬುದು ಅದರ ಸಾರ. ಕೇಂದ್ರದೊಳಗೆ ಮೊಬೈಲ್ ಬಳಸಿದ್ದರ ಬಗ್ಗೆ ಪೊಲೀಸ್ ದೂರು ದಾಖಲಾಗಿದ್ದು ನಿಜ. ಆದರೆ ಒಟಿಪಿಗೂ ಮತಯಂತ್ರಕ್ಕೂ ಸಂಬಂಧವಿಲ್ಲ, ಆ ಯಂತ್ರಕ್ಕೆ ತಂತಿಯ ಮೂಲಕವಾಗಲೀ ತಂತಿಯಿಲ್ಲದೆಯಾಗಲೀ ಹೊರಗಿನ ಯಾವ ಸಂಪರ್ಕವೂ ಇಲ್ಲ ಎಂದು ಚುನಾವಣಾಧಿಕಾರಿ ಸುದ್ದಿಗೋಷ್ಠಿ ಕರೆದು ಹೇಳಿದರು. ಪತ್ರಿಕೆ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು.

ನಾನು ಸುರತ್ಕಲ್‌ನಲ್ಲಿ ಎಂಟೆಕ್ ಓದಿದವನು. ಒಟಿಪಿ ಕಳಿಸುವ ವ್ಯವಸ್ಥೆಗಳನ್ನು ಕಟ್ಟುವುದೇ ಹಲವು ವರ್ಷ ನನ್ನ ಹೊಟ್ಟೆಪಾಡು. ಜಾಲಕ್ಕೆ ಸೇರದ ಯಂತ್ರಕ್ಕೆ ಒಟಿಪಿ ಬರುವುದು ಹೇಗೆ ಎಂಬ ಪ್ರಶ್ನೆ ನನಗೆ ಮೊದಲ ಕ್ಷಣವೇ ಬರಬೇಕಿತ್ತು. ಬರಲಿಲ್ಲ. ನಾನು ಆ ಸುದ್ದಿಯನ್ನು ನಾಲ್ಕು ಗುಂಪುಗಳಿಗೆ ಕಳಿಸಿದೆ. ಕೆಳಗೆ 'ಇಂಜಿನಿಯರ್ ಆಗಿ ಹೇಳುತ್ತಿದ್ದೇನೆ, ಇದು ಸಾಧ್ಯ' ಎಂದೂ ಸೇರಿಸಿದೆ. ಅದೇ ಯಂತ್ರಗಳು ಅದೇ ದಿನ ಮಹಾರಾಷ್ಟ್ರದ 48 ಸ್ಥಾನಗಳಲ್ಲಿ 30ನ್ನು ನನಗೆ ಬೇಕಾದ ಕೂಟಕ್ಕೆ ಕೊಟ್ಟಿದ್ದವು. ಆ ಮೂವತ್ತರ ಬಗ್ಗೆ ನನಗೆ ಯಾವ ತಾಂತ್ರಿಕ ಸಂದೇಹವೂ ಹುಟ್ಟಲಿಲ್ಲ!

ಯಂತ್ರದ ಬಗ್ಗೆ, ಎಣಿಕೆಯ ಬಗ್ಗೆ ಪ್ರಶ್ನೆ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೀರ್ತಿಕರ್ ಕೋರ್ಟಿಗೆ ಹೋದರು, ಅದು ಸರಿಯಾದ ದಾರಿ. ಬಾಂಬೆ ಹೈಕೋರ್ಟ್ ಆ ಅರ್ಜಿಯನ್ನು ಡಿಸೆಂಬರ್‌ನಲ್ಲಿ ವಜಾ ಮಾಡಿತು. ಪ್ರಶ್ನೆ ಕೇಳುವವನು ಉತ್ತರಕ್ಕೆ ಕಾಯುತ್ತಾನೆ. ನಾನು ಕಾಯಲಿಲ್ಲ. ನನಗೆ ಬೇಕಿದ್ದದ್ದು ಉತ್ತರವಲ್ಲ, ಸೋಲಿಗೆ ಒಂದು ಸಮಾಧಾನ.

ಮರುದಿನ ಬೆಳಗ್ಗೆ ಲಿಫ್ಟಿನಲ್ಲಿ ಕಾಕಾ ಸಿಕ್ಕರು. ಸ್ಪಷ್ಟನೆ ಆಗಲೇ ಬಂದಿತ್ತು, ನಾನು ಓದಿರಲಿಲ್ಲ. 'ಏನು ಕಾಕಾ, ಒಟಿಪಿ ಬಂತಾ?' ಎಂದು ಚುಚ್ಚಿದೆ. ಅವರು ಶಾಂತವಾಗಿಯೇ ಕೇಳಿದರು: 'ನೀನು ಇಂಜಿನಿಯರು. ಮಿಷಿನ್ನಿಗೆ ಒಟಿಪಿ ಹೇಗೆ ಬರುತ್ತದೆ, ನನಗೆ ಅರ್ಥವಾಗುವ ಹಾಗೆ ಹೇಳಪ್ಪ.' ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದೆ. 'ನಿಮ್ಮಂಥವರಿಗೆ ಹೇಳಿದರೆ ಅರ್ಥವಾಗುತ್ತದಾ?' ಎಂದೆ. ಅವರ ಮುಖ ಕೆಂಪಾಯಿತು. 'ನಿಮ್ಮವರು ಎಲ್ಲಿಂದಲೋ ಬಂದು ನಮ್ಮೂರಲ್ಲಿ ನಮಗೇ ಬುದ್ಧಿ ಹೇಳುತ್ತೀರಿ' ಎಂದರು. ಲಿಫ್ಟ್ ಕೆಳಗೆ ಬಂತು. ಐದು ತಿಂಗಳು ಮಾತಿಲ್ಲ.

ನಿಮ್ಮಂಥವರು, ನಿಮ್ಮವರು. ಒಬ್ಬ ಅಭ್ಯರ್ಥಿಯ ಬಗ್ಗೆ ಶುರುವಾದ ಮಾತು ಎರಡೇ ವಾಕ್ಯದಲ್ಲಿ ಜಾತಿ, ಊರು, ಭಾಷೆಯವರೆಗೆ ಇಳಿದಿತ್ತು. ಇದು ಹೇಗಾಯಿತು ಎಂದು ಯೋಚಿಸುವಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ ಹೇಳುತ್ತಿದ್ದ ಪಟ್ಟಿಯ ಕಥೆ.

ದೊಡ್ಡಪ್ಪ ಕುಂದಾಪುರ ಕಡೆಯಿಂದ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು. ದಾದರ್‌ನ ಹೋಟೆಲೊಂದರಲ್ಲಿ ಹಗಲು ಟೇಬಲ್ ಒರೆಸುವುದು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆಗೆ ಓಡುವುದು. ಆ ದಿನಗಳಲ್ಲಿ ಬಾಳ ಠಾಕ್ರೆಯವರ 'ಮಾರ್ಮಿಕ್' ವಾರಪತ್ರಿಕೆ ಒಂದು ಅಂಕಣ ನಡೆಸುತ್ತಿತ್ತು. ಹೆಸರು 'ವಾಚಾ ಆಣಿ ಥಂಡ ಬಸಾ', ಓದಿ, ಸುಮ್ಮನೆ ಕುಳಿತಿರಿ ಎಂದರ್ಥ. ಅದರಲ್ಲಿ ಇರುತ್ತಿದ್ದದ್ದು ಲೇಖನವಲ್ಲ, ಹೆಸರುಗಳ ಪಟ್ಟಿ. ಇಂಥಿಂಥ ಕಂಪನಿ, ಇಂಥಿಂಥ ಕಚೇರಿ, ಅಲ್ಲಿರುವ ದಕ್ಷಿಣದ ಅಧಿಕಾರಿಗಳು. 1966ರ ಜೂನ್ 19ರಂದು ಶಿವಸೇನೆ ಹುಟ್ಟುವ ಹೊತ್ತಿಗೆ ನೆಲ ಹದವಾಗಿತ್ತು. ತಮಿಳರು, ಮಲಯಾಳಿಗಳು, ತೆಲುಗರು, ನಾವು, ಎಲ್ಲರೂ 'ಮದ್ರಾಸಿ'ಗಳು. ಮದ್ರಾಸನ್ನು ಭೂಪಟದಲ್ಲಿಯೂ ನೋಡಿರದ ನಮ್ಮ ದೊಡ್ಡಪ್ಪನೂ ಮದ್ರಾಸಿ.

ಇದನ್ನು ಬರೆಯುವಾಗ ಒಂದು ಎಚ್ಚರ ಬೇಕು. ಆ ಪಟ್ಟಿ ಓದಿದ ಹುಡುಗರ ಸಂಕಟ ಸುಳ್ಳಾಗಿರಲಿಲ್ಲ. ಸಂಯುಕ್ತ ಮಹಾರಾಷ್ಟ್ರಕ್ಕಾಗಿ ಹೋರಾಡಿ, ಜೀವ ತೆತ್ತು, 1960ರಲ್ಲಿ ರಾಜ್ಯ ಪಡೆದವರ ಮಕ್ಕಳು ಅವರು. ರಾಜಧಾನಿ ತಮ್ಮದಾಯಿತು, ಗುಮಾಸ್ತಿಕೆ ಕೂಡ ಸಿಗಲಿಲ್ಲ ಎಂಬ ಸಿಟ್ಟು ಅವರದು. ಪಟ್ಟಿಯಲ್ಲಿದ್ದ ಹೆಸರುಗಳೂ ಬಹುಶಃ ನಿಜವೇ. ಹಾಗಾದರೆ ತಪ್ಪಿದ್ದೆಲ್ಲಿ?

ಲೆಕ್ಕದಲ್ಲಿ ಭಿನ್ನರಾಶಿ ಕಲಿಸುವಾಗ ನಮ್ಮ ಮೇಷ್ಟ್ರು ಹೇಳುತ್ತಿದ್ದರು, ಗೆರೆಯ ಮೇಲಿನದ್ದನ್ನಷ್ಟೇ ನೋಡಬೇಡ, ಕೆಳಗೇನಿದೆ ನೋಡು ಎಂದು. ಪಟ್ಟಿಯಲ್ಲಿ ಮೇಲಿನದ್ದು ಮಾತ್ರ ಇತ್ತು. ಒಟ್ಟು ಎಷ್ಟು ಅಧಿಕಾರಿಗಳು, ಅವರಲ್ಲಿ ಮರಾಠಿಗರೆಷ್ಟು, ಗುಜರಾತಿಗಳೆಷ್ಟು, ಪಾರ್ಸಿಗಳೆಷ್ಟು, ಅರ್ಜಿ ಹಾಕಿದವರೆಷ್ಟು, ಇದ್ಯಾವುದೂ ಇರಲಿಲ್ಲ. ಹುಡುಕುವ ಮೊದಲೇ ಏನು ಸಿಗಬೇಕೆಂದು ತೀರ್ಮಾನವಾಗಿತ್ತು. ಸಿಕ್ಕಿದ್ದನ್ನು ಅಚ್ಚು ಹಾಕಿದರು, ಸಿಗದಿದ್ದನ್ನು ಎಣಿಸಲಿಲ್ಲ. ಎರಡನೆಯ ತಪ್ಪನ್ನು ದೊಡ್ಡಪ್ಪ ನನಗಿಂತ ಚೆನ್ನಾಗಿ ಹೇಳುತ್ತಿದ್ದರು: 'ಪಟ್ಟಿಯಲ್ಲಿದ್ದದ್ದು ಆಫೀಸರುಗಳ ಹೆಸರು ಮಗಾ. ಕಲ್ಲು ಬಿದ್ದದ್ದು ತಟ್ಟೆ ತೊಳೆಯುವವನ ಮೇಲೆ.' ಉಡುಪಿ ಹೋಟೆಲುಗಳ ಗಾಜು ಒಡೆದ ಆ ವರ್ಷಗಳಲ್ಲಿ ಯಾವ ಮಾಣಿಯೂ ಯಾವ ಮರಾಠಿ ಪದವೀಧರನ ಕೆಲಸವನ್ನೂ ಕಿತ್ತುಕೊಂಡಿರಲಿಲ್ಲ.

ನಾವು ಕನ್ನಡಿಗರು ಈ ಕಥೆಯನ್ನು ಬಲಿಪಶುಗಳಾಗಿ ಹೇಳುವುದರಲ್ಲಿ ನಿಪುಣರು. ಆದರೆ 2024ರ ಜುಲೈಯಲ್ಲಿ ನನ್ನ ಬೆಂಗಳೂರಿನ ಗೆಳೆಯರೊಬ್ಬರಿಂದ ಒಂದು ಸಂದೇಶ ಬಂತು. ಆಗ ಕರ್ನಾಟಕ ಸರ್ಕಾರ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಸಂಪುಟದ ಒಪ್ಪಿಗೆ ಪಡೆದು, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿದಿತ್ತು. ಗೆಳೆಯನ ಸಂದೇಶದಲ್ಲಿದ್ದದ್ದು ಒಂದು ಕಂಪನಿಯ ಹೆಸರು, ಅದರ ಕೆಳಗೆ ಹದಿನೆಂಟು ಉತ್ತರ ಭಾರತೀಯ ಹೆಸರುಗಳು, ಕೊನೆಯಲ್ಲಿ 'ಓದಿ, ಹಂಚಿ'. ಥಂಡ ಬಸಾ ಎಂದಿರಲಿಲ್ಲ, ಅಷ್ಟೇ ವ್ಯತ್ಯಾಸ. ಮಸೂದೆ ಬೇಕೋ ಬೇಡವೋ ಎಂಬುದು ಗಂಭೀರ ಚರ್ಚೆ. ಅದರಲ್ಲಿ ನನಗೂ ಸಹಾನುಭೂತಿ ಇದೆ. ಆದರೆ ಹದಿನೆಂಟು ಹೆಸರು ಆ ಚರ್ಚೆಗೆ ಏನನ್ನೂ ಸೇರಿಸುವುದಿಲ್ಲ. ಅದು ಸೇರಿಸುವುದು ಯಾವನೋ ಬಿಹಾರಿ ಡೆಲಿವರಿ ಹುಡುಗನ ಮೇಲೆ ಬೀಳುವ ಕಲ್ಲನ್ನು. ಗೆಳೆಯನಿಗೆ ದೊಡ್ಡಪ್ಪನ ಮಾತು ಬರೆದು ಕಳಿಸಿದೆ. 'ನಿನ್ನದು ಬೇರೆ ವಿಷಯ ಮಾರಾಯ' ಎಂದು ಉತ್ತರ ಬಂತು. ನಮ್ಮದು ಯಾವಾಗಲೂ ಬೇರೆ ವಿಷಯವೇ.

ನನ್ನ ಕೆಲಸದಲ್ಲಿ ಇಂಥದ್ದಕ್ಕೆ ಹಾರ್ಡ್‌ಕೋಡಿಂಗ್ ಎನ್ನುತ್ತೇವೆ. ಲೆಕ್ಕ ಹಾಕಿ ಉತ್ತರ ಕೊಡಬೇಕಾದ ಪ್ರೋಗ್ರಾಮಿನೊಳಗೆ ಉತ್ತರವನ್ನೇ ಬರೆದಿಟ್ಟುಬಿಡುವುದು. ಹೊರಗಿನವರಿಗೆ ಎಲ್ಲ ಸರಿಯಾಗಿ ನಡೆದಂತೆ ಕಾಣುತ್ತದೆ. ಪತ್ತೆ ಹಚ್ಚುವ ಉಪಾಯ ಸರಳ: ಕೊಡುವ ಅಂಕಿಗಳನ್ನು ಬದಲಿಸಿ ನೋಡಿ. ಏನು ಕೊಟ್ಟರೂ ಅದೇ ಉತ್ತರ ಬಂದರೆ, ಒಳಗೆ ಲೆಕ್ಕ ನಡೆದೇ ಇಲ್ಲ. ಪಕ್ಷದ ಪಂಡಿತರ ವಾದವನ್ನೂ ಹೀಗೆಯೇ ಪರೀಕ್ಷಿಸಬಹುದು. ಪಕ್ಷದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿ. ರಾಜ್ಯದ ಹೆಸರು ಬದಲಿಸಿ. ವಾದ ನಿಲ್ಲುತ್ತದೆಯೇ ನೋಡಿ.

ಈ ಪರೀಕ್ಷೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರದ ಗಡಿಯಷ್ಟು ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ. ಗಡಿಯ ಈ ಕಡೆ ಕಾಂಗ್ರೆಸ್ ಸರ್ಕಾರ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ತಂದಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಆ ಕಡೆ ಬಿಜೆಪಿ ಮತ್ತು ಮಿತ್ರಪಕ್ಷಗಳ ಸರ್ಕಾರ 2024ರಲ್ಲಿ ಲಾಡಕಿ ಬಹೀಣ್ ತಂದಿತು, ತಿಂಗಳಿಗೆ 1,500. ಎರಡೂ ಹಣ ಹೆಣ್ಣುಮಕ್ಕಳ ಖಾತೆಗೆ ನೇರ ಹೋಗುತ್ತದೆ. ಕನ್ನಡ ಚಾನೆಲ್‌ನಲ್ಲಿ ಗೃಹಲಕ್ಷ್ಮಿಯನ್ನು ಬಿಟ್ಟಿ ಭಾಗ್ಯ, ರಾಜ್ಯ ದಿವಾಳಿ ಎಂದವರೇ ಲಾಡಕಿ ಬಹೀಣ್ ಬಂದಾಗ ಮಹಿಳಾ ಸಬಲೀಕರಣ ಎಂದರು. ಗೃಹಲಕ್ಷ್ಮಿಯನ್ನು ಘನತೆ, ಹಕ್ಕು ಎಂದವರು ಇಲ್ಲಿನ 1,500ಕ್ಕೆ ಮತ ಖರೀದಿ ಎಂದರು. ವಿಧಾನಸಭಾ ಚುನಾವಣೆ ಹತ್ತಿರ ಬಂದಾಗ ಆಳುವ ಕೂಟ ಅದನ್ನು 2,100ಕ್ಕೆ ಏರಿಸುತ್ತೇವೆ ಎಂದಿತು, ವಿರೋಧಿ ಕೂಟ 3,000 ಕೊಡುತ್ತೇವೆ ಎಂದಿತು. ಖರೀದಿ ಎಂದವರೇ ಎರಡು ಪಟ್ಟು ಬೆಲೆ ಕೂಗಿದರು.

2024ರ ನವೆಂಬರ್ 23ರಂದು ಫಲಿತಾಂಶ ಬಂತು. 288ರಲ್ಲಿ ಆಳುವ ಕೂಟದ ಮೂರು ಮುಖ್ಯ ಪಕ್ಷಗಳಿಗೆ 230, ವಿರೋಧಿ ಕೂಟದ ಮೂರು ಮುಖ್ಯ ಪಕ್ಷಗಳಿಗೆ 46. ಐದೇ ತಿಂಗಳ ಹಿಂದೆ ಲೋಕಸಭೆಯ 30ಕ್ಕೆ 17 ಎಂಬ ಫಲಿತಾಂಶವನ್ನು ಅಲೆ ಎಂದು ವರ್ಣಿಸಿದ್ದರು. ಆಗ ಎರಡು ಕೂಟಗಳ ಮತ ಪ್ರಮಾಣದ ಅಂತರ ಶೇಕಡಾ ಒಂದೂ ಇರಲಿಲ್ಲ ಎಂಬುದನ್ನು ಯಾರು ಹೇಳಿದರು? ಈಗ ಒಂದೇ ಕಾರಣ ಸಿಕ್ಕಿತ್ತು: ಲಾಡಕಿ ಬಹೀಣ್. ಒಬ್ಬರಿಗೆ ಅದು ತಾಯಂದಿರ ಆಶೀರ್ವಾದ, ಇನ್ನೊಬ್ಬರಿಗೆ ಮಾರಿಕೊಂಡ ಮತ.

ಖಾತೆಗೆ ಬಂದ ಹಣವೇ ಚುನಾವಣೆ ಗೆಲ್ಲಿಸುವುದಾದರೆ, ಗೃಹಲಕ್ಷ್ಮಿ ಕೊಟ್ಟ ಕಾಂಗ್ರೆಸ್ 2024ರ ಲೋಕಸಭೆಯಲ್ಲಿ ಕರ್ನಾಟಕದ 28ರಲ್ಲಿ 9ಕ್ಕೆ ನಿಂತದ್ದೇಕೆ? ಅದೇ ಬೇಸಿಗೆಯಲ್ಲಿ ಆಂಧ್ರದಲ್ಲಿ ಐದು ವರ್ಷ ಖಾತೆಗಳಿಗೆ ಹಣ ಹಾಕಿದ ಜಗನ್ ಪಕ್ಷ 175ರಲ್ಲಿ 11ಕ್ಕೆ ಇಳಿದದ್ದೇಕೆ? ಹಣ ಪರಿಣಾಮ ಬೀರಿಲ್ಲ ಎನ್ನುತ್ತಿಲ್ಲ. ಗೆದ್ದ ಕಡೆ ಮಾತ್ರ ಅದನ್ನು ಕಾರಣವೆಂದು ತೋರಿಸಿ, ಸೋತ ಕಡೆ ಮರೆತುಬಿಡುವುದು ಮಾರ್ಮಿಕ್‌ನ ಪಟ್ಟಿಯದೇ ಲೆಕ್ಕ. ಗೆರೆಯ ಕೆಳಗಿನ ಅಂಕಿ ಇಲ್ಲ.

ಆ ಸಂಜೆ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಹೆಂಗಸೊಬ್ಬಳ ಕೈಯಲ್ಲಿ ನೋಟು, ಕೆಳಗೆ '1,500ಕ್ಕೆ ಮಾರಾಟವಾದ ಮಹಾರಾಷ್ಟ್ರ'. ಸೋತ ಸಿಟ್ಟಿನಲ್ಲಿದ್ದೆ, ಕಳಿಸಲು ಹೆಬ್ಬೆರಳು ಎತ್ತಿಯೂ ಆಗಿತ್ತು. ಆಗ ಊರಿನ ಚಿಕ್ಕಮ್ಮ ನೆನಪಾದರು. ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದವರು. ಗೃಹಲಕ್ಷ್ಮಿಯ ಮೊದಲ ಕಂತು ಬಂದಾಗ ಫೋನ್ ಮಾಡಿ, 'ನನ್ನ ಹೆಸರಿಗೇ ಬಂದಿದೆ ಮಗಾ' ಎಂದು ಎರಡು ಸಲ ಹೇಳಿದ್ದರು. ಆ 2,000ವನ್ನು ಯಾರಾದರೂ ಬಿಟ್ಟಿ ಎಂದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ಆ ಚಿತ್ರದ ಹೆಂಗಸಿನ ಜಾಗದಲ್ಲಿ ಚಿಕ್ಕಮ್ಮನನ್ನು ಇಟ್ಟು ನೋಡಿದೆ. ಅಳಿಸಿದೆ.

ಆಮೇಲೆ ನಮ್ಮ ಕಟ್ಟಡದ ಐದನೇ ಮಹಡಿಯೂ ನೆನಪಾಯಿತು. ಐದು ತಿಂಗಳಲ್ಲಿ ಮಗಳು ಎಷ್ಟೋ ಸಲ 'ಆಜಿ ಮನೆಗೆ ಹೋಗಲಾ?' ಎಂದು ಕೇಳಿದ್ದಳು, ನಾನು ಹೋಮ್‌ವರ್ಕ್ ಎಂದಿದ್ದೆ. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

ಮರುದಿನ ಭಾನುವಾರ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿದೆ. ಕಾಕಾ ಟಿವಿಯ ಮುಂದೆ ಕುಳಿತಿದ್ದರು, ಧ್ವನಿ ಕಡಿಮೆ ಮಾಡಿದರು. 'ಕಾಕಾ, ಒಟಿಪಿ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ನಾನು ಓದಿದವನಾಗಿ ಅಷ್ಟನ್ನಾದರೂ ಯೋಚಿಸಬೇಕಿತ್ತು. ನಿಮ್ಮಂಥವರು ಎಂದದ್ದು ಅದಕ್ಕಿಂತ ದೊಡ್ಡ ತಪ್ಪು' ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದನ್ನು ನಾನು ಮರೆಯುವುದಿಲ್ಲ. 'ಅರೆ, ನನಗೆ ಮಿಷಿನ್ ಬಗ್ಗೆ ಏನು ಗೊತ್ತು? ನಮ್ಮವನು ಗೆದ್ದಿದ್ದ, ಅದಕ್ಕೇ ಮಿಷಿನ್ ಸರಿ ಇದೆ ಎಂದೆ. ಸೋತಿದ್ದರೆ ನಾನೂ ಒಟಿಪಿ ಎನ್ನುತ್ತಿದ್ದೆನೋ ಏನೋ. ನಿಮ್ಮವರು ಎಂದು ನಾನೂ ಹೇಳಬಾರದಿತ್ತು.'

ಯಾವ ಟಿವಿ ಚರ್ಚೆಯಲ್ಲೂ ಯಾವ ಪಂಡಿತರ ಬಾಯಿಂದಲೂ ನಾನು ಇಂಥ ಮಾತು ಕೇಳಿಲ್ಲ. ತಾನು ಸರಿಯಿದ್ದದ್ದು ಕೂಡ ಯೋಚಿಸಿ ಅಲ್ಲ ಎಂದು ಒಪ್ಪಿಕೊಳ್ಳುವುದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಿಂತ ಕಷ್ಟ. ಪಂಡಿತರಿಗೆ ಅದು ಸಾಧ್ಯವಿಲ್ಲದಿರುವುದಕ್ಕೆ ಕಾರಣವಿದೆ. ಅವರನ್ನು ಕರೆಸುವುದೇ ಒಂದು ಬದಿಯ ಕುರ್ಚಿ ತುಂಬಿಸಲು. ಅವರಿಗೆ ಅದು ಸಂಬಳ. ನಮಗೇನು? ಅವರ ವಾದವನ್ನು ಪುಕ್ಕಟೆಯಾಗಿ ಹೊತ್ತು ಮನೆಮನೆಗೆ ಮುಟ್ಟಿಸಿ, ಕೊನೆಗೆ ಪಕ್ಕದ ಮನೆಯ ಬಾಗಿಲು ಮುಚ್ಚಿಸಿಕೊಳ್ಳುತ್ತೇವೆ. ಗೆದ್ದವರೂ ಸೋತವರೂ ಮುಂದಿನ ತಿಂಗಳು ಯಾರದೋ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ.

ನನಗೆ ಈಗಲೂ ರಾಜಕೀಯ ಒಲವು ಇದೆ, ಕಾಕಾಗೂ ಇದೆ, ಬದಲಾಗಿಲ್ಲ. ಒಲವು ಇರಬಾರದು ಎಂಬುದು ನನ್ನ ವಾದವಲ್ಲ. ಏನನ್ನಾದರೂ ಹಂಚುವ ಮೊದಲು ಹೆಸರು ತಿರುಗಿಸಿ ಹಾಕಿ ಓದುತ್ತೇನೆ, ಗೆರೆಯ ಕೆಳಗೇನಿದೆ ಎಂದು ಹುಡುಕುತ್ತೇನೆ, 'ಅವರೆಲ್ಲ' ಎಂಬ ಮಾತು ಬಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಹತ್ತರಲ್ಲಿ ಎಂಟು ಸಂದೇಶ ಅಲ್ಲೇ ಬಿದ್ದುಹೋಗುತ್ತವೆ. ಉಳಿದೆರಡನ್ನು ಭಾನುವಾರ ಚಹಾ ಕುಡಿಯುತ್ತ ಕಾಕಾ ಜೊತೆ ಜಗಳವಾಡುತ್ತೇನೆ. ಒಳಗಿನ ಕೋಣೆಯಲ್ಲಿ ಆಜಿ ನನ್ನ ಮಗಳಿಗೆ ಮರಾಠಿ ಮಗ್ಗಿ ಬಾಯಿಪಾಠ ಮಾಡಿಸುತ್ತಿರುತ್ತಾರೆ. ನಮ್ಮ ಧ್ವನಿ ಏರಿದರೆ ಅಲ್ಲಿಂದಲೇ ಇಬ್ಬರಿಗೂ ಒಟ್ಟಿಗೆ ಗದರುತ್ತಾರೆ.